ಕನ್ನಡಿ ಇಲ್ಲದೆ ಬರೆದ ಕಣ್ಣು

ಗದಗಿನ ನೀಲವ್ವ ಯುದ್ಧದಾಟದ ಪ್ಲಾಸ್ಟಿಕ್ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತಿದ್ದಳು. ದೊಡ್ಡ ಕಂಪನಿಯ ದುಬಾರಿ ಸಿಪಾಯಿಗಳಿಗೆ ಮುಖ ಮುಚ್ಚುವ ಹೆಲ್ಮೆಟ್ ಇರುತ್ತಿತ್ತು. ಅವಳ ಅಂಗಡಿಗೆ ಬರುವ ಅಗ್ಗದ ಮಾಲಿಗೆ ಮಾತ್ರ ನಿಜವಾದ ಮುಖ. ಚಂದ್ರನ ಮೇಲಿನ ಯುದ್ಧದಲ್ಲಿ ಸತ್ತವರ ಮುಖಗಳು ಗೊಂಬೆಯ ಅಚ್ಚು ಮಾಡುವವರಿಗೆ ಪುಕ್ಕಟೆ ಸಿಗುತ್ತಿದ್ದವು.

ಕಣ್ಣು ಬರೆಯುವಾಗ ಗೊಂಬೆಯನ್ನು ಕನ್ನಡಿಯತ್ತ ತಿರುಗಿಸಿಯೇ ಬರೆಯಬೇಕು. ಮೊದಲು ತನ್ನ ಮುಖವನ್ನೇ ಕಂಡ ಗೊಂಬೆ ತೆಪ್ಪಗಿರುತ್ತದೆ; ಬರೆಯುವವರನ್ನು ಕಂಡರೆ ಬೆನ್ನು ಹತ್ತಿ ಮನೆಗೇ ಬಂದುಬಿಡುತ್ತದೆ. ಪಕ್ಕದ ಅಂಗಡಿಯ ಗೌರಕ್ಕ ಒಮ್ಮೆ ಕನ್ನಡಿ ಮರೆತು ಕಣ್ಣು ಬರೆದು, ಮರುದಿನ ಮನೆಯ ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಬ್ಬ ಸಿಪಾಯಿಯನ್ನು ಹಿಡಿದು ತಂದಿದ್ದಳು.

ಅಂದು ಮಧ್ಯಾಹ್ನ ಬಿಚ್ಚಿದ ಪೆಟ್ಟಿಗೆಯಲ್ಲಿ ನೀಲವ್ವನ ಗಂಡ ಫಕ್ಕೀರಪ್ಪ ಇದ್ದ. ಹುಬ್ಬಿನ ಮೇಲಿನ ಗಾಯದ ಗುರುತೂ ಹಾಗೇ ಇತ್ತು. ಅವನು ಕಾಣೆಯಾಗಿದ್ದಾನೆ ಎಂದಷ್ಟೇ ಸೈನ್ಯದವರು ಹೇಳಿದ್ದರು. ಅವಳು ಇನ್ನೂ ಕುಂಕುಮ ಇಡುತ್ತಿದ್ದಳು. ಆದರೆ ಕಾಣೆಯಾದವರ ಮುಖದ ಅಚ್ಚನ್ನು ಯಾರೂ ತೆಗೆಯುವುದಿಲ್ಲ.

"ನೀಲಕ್ಕಾ, ನನ್ನ ಪಡೆ ತಯಾರಾತೇನ್ರಿ?" ಎನ್ನುತ್ತ ಗಿರಾಕಿ ಇಮ್ತಿಯಾಜ್ ಬಂದ.

"ಒಂದು ಮುರದು ಬಂದೈತಪ್ಪಾ. ಉಳಿದದ್ದು ತಗೊಂಡು ಹೋಗು," ಎಂದಳು.

ಅವನು ಹೋದ ಮೇಲೆ ಕನ್ನಡಿಯನ್ನು ಬೋರಲು ಹಾಕಿ, ಫಕ್ಕೀರಪ್ಪನನ್ನು ಮುಖಕ್ಕೆ ಮುಖ ಹಿಡಿದು ಕಣ್ಣು ಬರೆದಳು. ಆಮೇಲೆ ಅವನನ್ನು ನೆಲದ ಮೇಲೆ ನಿಲ್ಲಿಸಿ ಹೊರಗೆ ಬಂದು, ಶಟರನ್ನು ಪೂರ್ತಿ ಇಳಿಸದೆ ನಾಲ್ಕು ಬೆರಳು ಸಂದು ಬಿಟ್ಟಳು. ಎತ್ತಿಕೊಂಡು ಹೋಗಬಹುದಿತ್ತು. ಆದರೆ ಮನೆಗೆ ಬರುತ್ತೇನೆಂದು ಮಾತು ಕೊಟ್ಟು ಹೋದವನು ಅವನು. ತಾನೇ ನಡೆದು ಬರಲಿ.

ಹೆಬ್ಬೆರಳುದ್ದದವನ ಕಾಲಿಗೆ ಎಟುಕಲೆಂದು, ದಾರಿಯುದ್ದಕ್ಕೂ ಅವಳು ಮೆಲ್ಲಗೆ ನಡೆದಳು.