ಹಾಫ್ ಕ್ಲಚ್

"ಬಾಯಿ ಬಿಡು. ಪೆಟ್ರೋಲ್ ಯಾರಿಗೆ ಮಾರ್ದೆ?"

ಯಜಮಾನರು ಇದನ್ನೇ ಮನೆಯಲ್ಲಿ ಕೇಳಿದ್ದರು, ದಾರಿಯುದ್ದಕ್ಕೂ ಕೇಳಿದ್ದರು. ಈಗ ಗ್ಯಾರೇಜಿನ ಬಾಗಿಲಲ್ಲಿ, ಬೀದಿಗೆಲ್ಲ ಕೇಳುವಂತೆ ಕೇಳುತ್ತಿದ್ದರು. ಡ್ರೈವರ್ ಬಾನೆಟ್ ಎತ್ತಿ ನಿಲ್ಲಿಸಿದ. ಇಲ್ಲ ಎನ್ನುವುದಕ್ಕೂ ತ್ರಾಣ ಬೇಕು. ಅದು ದಾರಿಯಲ್ಲೇ ಮುಗಿದಿತ್ತು.

ಕಾರಿನ ಮೈಲೇಜ್ ದಿಢೀರನೆ ಬಿದ್ದುಹೋಗಿತ್ತು. ಟ್ಯಾಂಕ್ ತುಂಬಿಸಿದರೆ ವಾರ ದಾಟುತ್ತಿದ್ದದ್ದು ಈಗ ವಾರದ ನಡುವೆಯೇ ಪೆಟ್ರೋಲ್ ಮುಳ್ಳು ಮಲಗುತ್ತಿತ್ತು. ಓಡಾಟ ಮಾತ್ರ ಹಿಂದಿನಷ್ಟೇ: ಮನೆ, ಆಫೀಸು, ಅಪರೂಪಕ್ಕೆ ಅಮ್ಮಾವ್ರ ತಂಗಿಯ ಮನೆ. ಆ ಮನೆತನದಲ್ಲಿ ಸ್ಟಿಯರಿಂಗ್ ಮುಟ್ಟಿದವರೇ ಇಲ್ಲ. ಓಡಿಸುವುದು ಆಳಿನ ಕೆಲಸ, ಕೂರುವುದು ತಮ್ಮ ಕೆಲಸ ಎಂದು ಯಜಮಾನರ ಅಪ್ಪನ ಕಾಲದಲ್ಲೇ ಗೀಟು ಎಳೆದಾಗಿತ್ತು. ಹಾಗಿದ್ದ ಮೇಲೆ ಪೆಟ್ರೋಲ್ ಕಳ್ಳ ಇನ್ಯಾರು?

ಈ ವಯಸ್ಸಿನಲ್ಲಿ ಕಳ್ಳನೆನಿಸಿಕೊಂಡು ಹೊರಬಿದ್ದರೆ ಯಾವ ಮನೆಯವರೂ ಕೀಲಿ ಕೊಡುವುದಿಲ್ಲ. ಮೆಕ್ಯಾನಿಕ್ ಏನಾದರೊಂದು ದೋಷ ಹುಡುಕಿಕೊಟ್ಟರೆ ಬದುಕಿದ. ಇಲ್ಲದಿದ್ದರೆ ಇಲ್ಲ.

ಮೆಕ್ಯಾನಿಕ್ ಅವಸರಪಡಲಿಲ್ಲ. ಟೈರಿನ ಗಾಳಿ ನೋಡಿದ, ಸರಿಯಿತ್ತು. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದ, ಶುಭ್ರವಾಗಿತ್ತು. ಪ್ಲಗ್ಗುಗಳನ್ನು ಬಿಚ್ಚಿ ನೋಡಿ ಮತ್ತೆ ಕೂರಿಸಿದ. ಜಾಕ್ ಕೊಟ್ಟು ಒಂದೊಂದೇ ಚಕ್ರ ತಿರುಗಿಸಿದ. ಬ್ರೇಕ್ ಎಲ್ಲೂ ಹಿಡಿದುಕೊಂಡಿರಲಿಲ್ಲ. ಕಾರಿನಡಿ ತೂರಿ ಪೈಪುಗಳನ್ನು ಮೂಸಿದ. ಸೋರಿಕೆಯಿಲ್ಲ. ಒಂದೊಂದು 'ಸರಿಯಿದೆ'ಗೂ ಡ್ರೈವರನ ಎದೆ ಒಂದೊಂದು ಗೇಣು ಕುಸಿಯಿತು.

ತಾನೂ ಬರುತ್ತೇನೆಂದು ಕಾರು ಹತ್ತಿದ್ದ ಅಮ್ಮಾವ್ರು ಒರೆಸಿಕೊಟ್ಟ ಕುರ್ಚಿಯಲ್ಲಿ ಕೂತಿದ್ದರು. ಮದುವೆಯಾದ ದಿನ ಅವರನ್ನು ಆ ಮನೆಗೆ ತಂದಿಳಿಸಿದವನೂ ಈ ಡ್ರೈವರೇ. ಅಂದಿನಿಂದ ಅವರು ಎಲ್ಲಿಗೆ ಹೋದರು, ಎಷ್ಟು ಹೊತ್ತು ಕೂತರು ಎಂದು ಸಂಜೆ ಯಜಮಾನರಿಗೆ ಒಪ್ಪಿಸುವುದೂ ಅವನ ಕೆಲಸವೇ ಆಗಿತ್ತು. ಕೇಳುತ್ತಿದ್ದರು, ಹೇಳುತ್ತಿದ್ದ. ಆಳಿಗೆ ಅದರಲ್ಲಿ ತಪ್ಪೇನು ಕಂಡೀತು? ಆದರೂ ಅಮ್ಮಾವ್ರು ಇತ್ತೀಚೆಗೆ ಅವನ ಮೇಲೆ ಕರುಣೆ ತೋರಿದ್ದರು. "ಮಧ್ಯಾಹ್ನ ಕೀಲಿ ಇಟ್ಟು ಮನೆಗೆ ಹೋಗಿ, ಉಂಡು ಸ್ವಲ್ಪ ಮಲಗಿ ಬನ್ನಿ" ಎಂದಿದ್ದರು. ಆ ಮನೆಯಲ್ಲಿ ಅವನ ಹೊಟ್ಟೆಯ ಬಗ್ಗೆ ಯಾರಾದರೂ ಮಾತಾಡಿದ್ದು ಅದೇ ಮೊದಲು.

ಮೆಕ್ಯಾನಿಕ್ ಕಾರನ್ನು ಒಂದು ಸುತ್ತು ಓಡಿಸಿ ತಂದ. ಕೀಲಿಯನ್ನು ಅಲ್ಲೇ ಬಿಟ್ಟು ಇಳಿದ.

"ಯಾರೂ ಕದ್ದಿಲ್ಲ ಸಾರ್. ಕಾರೇ ಕುಡ್ದಿದೆ. ಕ್ಲಚ್ ಪ್ಲೇಟ್ ಸವೆದು ಕಾಗದ ಆಗಿದೆ. ಎಂಜಿನ್ ಕಿರುಚಿದಷ್ಟು ಗಾಡಿ ಮುಂದಕ್ಕೆ ಹೋಗಲ್ಲ."

ಡ್ರೈವರ್ ಉಸಿರು ಬಿಟ್ಟ. ಅರ್ಧ ಉಸಿರು ಅಷ್ಟೇ.

"ಆದ್ರೆ ಮೊನ್ನೆ ಮಳೆಗಾಲದಲ್ಲಿ ನಾನೇ ಹಾಕಿದ ಪ್ಲೇಟು" ಎಂದು ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಇಷ್ಟು ಬೇಗ ಹೋಗ್ಬೇಕಂದ್ರೆ ಹಾಫ್ ಕ್ಲಚ್ಚೇ. ಕ್ಲಚ್ ಪೆಡಲ್ ಮೇಲಿಂದ ಕಾಲು ಪೂರ್ತಿ ತೆಗೀದೆ, ಮೊದಲನೇ ಗೇರಲ್ಲೇ ಜಗ್ಗಿದಾರೆ. ಕಿಲೋಮೀಟರ್ ಕಮ್ಮಿ, ಪೆಟ್ರೋಲ್ ಜಾಸ್ತಿ."

ಬೆಳಗಿನಿಂದ ಸುಮ್ಮನಿದ್ದ ಡ್ರೈವರ್ ಈಗ ಕೆರಳಿದ. "ಏನಂದೆ? ಕಳ್ಳ ಅನ್ನು, ತಡ್ಕೋತೀನಿ. ಹಾಫ್ ಕ್ಲಚ್ ಅಂದ್ರೆ ಹಲ್ಲು ಉದುರಿಸ್ತೀನಿ! ನಾನೇನು ಹೊಸದಾಗಿ ಕಲಿಯೋನಾ?"

"ನನ್ ಮೇಲೆ ಯಾಕಣ್ಣಾ? ಪ್ಲೇಟ್ ಹೇಳ್ತಿದೆ, ನಾನಲ್ಲ."

ಯಜಮಾನರು ನಕ್ಕರು. "ಹಾಗಾದ್ರೆ ಕಳ್ಳ ಅಲ್ಲ, ಮುದುಕ. ಕಳ್ಳನ್ನಾದ್ರೂ ಹೆದರಿಸಿ ಇಟ್ಕೋಬಹುದು, ನಡುಗೋ ಕಾಲನ್ನ ಇಟ್ಕೊಂಡು ಏನ್ಮಾಡ್ಲಿ? ನಾಳೆಯಿಂದ ಬರ್ಬೇಡ."

ಪ್ಲೇಟ್ ಸವೆದರೆ ಪ್ಲೇಟ್ ಬದಲಿಸುತ್ತಾರೆ, ಆಳು ಸವೆದರೆ ಆಳನ್ನು. ಎರಡಕ್ಕೂ ಒಂದೇ ದನಿ. ಡ್ರೈವರ್ ತನ್ನ ಎಡಗಾಲನ್ನು ನೋಡಿಕೊಂಡ. ಕೆಲವು ದಿನಗಳಿಂದ ಊಟ ಮಾಡಿ ಬಂದು ಕೂತರೆ ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತಿತ್ತು. ಮೈ ಬಾಗುತ್ತಿರಬೇಕು ಅಂದುಕೊಂಡಿದ್ದ. ಕಾಲೂ ಕೈಕೊಟ್ಟಿತೇ? ತನಗೇ ತಿಳಿಯದ ಹಾಗೆ? ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕುಸಿದು ಕೂತ.

ಅಮ್ಮಾವ್ರು ಮೊದಲ ಸಲ ಬಾಯಿ ತೆರೆದರು. ಕೇಳಿದ್ದು ಮೆಕ್ಯಾನಿಕ್‌ನನ್ನು.

"ಈಗಿರೋ ಹಾಗೇ ಎಷ್ಟು ದೂರ ಹೋಗತ್ತೆ?"

"ಊರು ದಾಟತ್ತೆ ಅಮ್ಮಾ. ಏರು ರಸ್ತೆ ಬೇಡ."

"ಅಷ್ಟು ಸಾಕು."

ಒಬ್ಬನ ಅನ್ನ ಹೋಗುತ್ತಿದೆ, ಇವರಿಗೆ ಮನೆ ಸೇರುವ ಚಿಂತೆ. ಡ್ರೈವರ್ ತಲೆ ಎತ್ತಲೂ ಇಲ್ಲ. ಯಜಮಾನರು ಬೇರೆ ಡ್ರೈವರನ್ನು ಕಳಿಸಲು ಹೇಳುತ್ತ ಫೋನ್ ಕಿವಿಗಿಟ್ಟುಕೊಂಡಿದ್ದರು.

ಕಾರಿನ ಬಾಗಿಲು ಬಡಿದ ಸದ್ದಾಯಿತು. ಹಿಂದಿನದಲ್ಲ, ಮುಂದಿನದು. ಬಲಗಡೆಯದು.

"ಏಯ್, ಅಲ್ಲೇನು ಮಾಡ್ತಿದೀಯ?" ಎಂದರು ಯಜಮಾನರು.

ಅಮ್ಮಾವ್ರು ಸೀಟನ್ನು ಮುಂದಕ್ಕೆ ಎಳೆದುಕೊಂಡರು. ಕೈ ತಡಕಾಡಲಿಲ್ಲ, ಸೀಟಿನಡಿಯ ಲಿವರ್ ಎಲ್ಲಿದೆಯೆಂದು ಕೈಗೇ ಗೊತ್ತಿತ್ತು. "ಅವರ ಕಾಲಿಗೆ ಏನೂ ಆಗಿಲ್ಲ. ನಿಮ್ಮ ಪೆಟ್ರೋಲ್ ಮುಗಿದಿದ್ದು ಹಿತ್ತಲಲ್ಲಿ, ಮಧ್ಯಾಹ್ನದ ಹೊತ್ತು. ಮುಗಿಸಿದ್ದು ನಾನು." ಎಂಜಿನ್ ಗುರುಗುಟ್ಟಿತು. "ಸಂಜೆ ನಾನೆಲ್ಲಿ ಹೋದೆ ಅಂತ ಅವರನ್ನ ಕೇಳ್ಬೇಡಿ. ಅವರಿಗೆ ಗೊತ್ತಿರಲ್ಲ."

ಕಾರು ಎರಡು ಸಲ ಜಗ್ಗಿತು, ಆರುವ ಹಾಗೆ ಮಾಡಿ ಬೀದಿಗೆ ಇಳಿಯಿತು. ಯಜಮಾನರು ಬಾನೆಟ್ಟಿನ ಕಡೆ ಓಡಿದರು. ಡ್ರೈವರ್ ಟೈರಿನಿಂದ ದಡಕ್ಕನೆ ಎದ್ದ. ಹಿಡಿ, ನಿಲ್ಲಿಸು ಎಂದು ಯಜಮಾನರು ಕೂಗುತ್ತಿದ್ದದ್ದು ಅವನಿಗೇ. ಅವನೂ ಗಂಟಲು ಹರಿಯುವಂತೆ ಕೂಗಿದ.

"ಕ್ಲಚ್ಚಿಂದ ಕಾಲು ಪೂರ್ತಿ ತೆಗೀರಿ ಅಮ್ಮಾ! ಎರಡನೇ ಗೇರಿಗೆ ಬನ್ನಿ!"