ತೆರೇಸಾ ಕೇಳಿದ ತಾಯಿ

ಕರಗಿದ ಮೇಣದ ವಾಸನೆ ಬಂದರೆ ಇವತ್ತಿಗೂ ನನಗೆ ಶಹಾಬಾದಿನ ಹಾಸ್ಟೆಲಿನ ಒಂದು ದೀಪಾವಳಿ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ತೀರಿಕೊಂಡ ವರ್ಷ ಅದು. ಉಳಿದ ಹುಡುಗಿಯರನ್ನೆಲ್ಲ ಅವರವರ ತಾಯಂದಿರು ಬಂದು ಊರಿಗೆ ಕರೆದೊಯ್ದಿದ್ದರು. ಪ್ರಾರ್ಥನಾ ಮಂದಿರದಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರೇ ಕೂತು, ಕಲ್ಲುಹಾಸಿಗೆ ಅಂಟಿದ ಮೇಣ ಕೆರೆಯುತ್ತಿದ್ದರು. ನಾನು ಹೋಗಿ ಅವರ ಪಕ್ಕ ಕೂತೆ.

“ಹಿಂದಿನ ಕಾಲದ ಸಂತ ತೆರೇಸಾಗೂ ಸಣ್ಣಾಕಿ ಇದ್ದಾಗೇ ಅವ್ವ ತೀರಿಕೊಂಡಿದ್ಳು,” ಅಂದರು. “ಆಕಿ ಅಳಕೋತ ಮೇರಿಯಮ್ಮನ ಮುಂದ ಹೋಗಿ, ಇನ್ನ ನೀನೇ ನಮ್ಮವ್ವ ಆಗು ಅಂತ ಕೇಳಿದ್ಳು.”

“ಮೇರಿಯಮ್ಮ ಏನಂದ್ಳರಿ ಸಿಸ್ಟರ್?”

ಅವರು ಕೈ ಒರೆಸಿಕೊಂಡು, ನನ್ನನ್ನು ಹತ್ತಿರ ಎಳೆದುಕೊಂಡು, ಕೆದರಿದ ಕೂದಲು ಬಿಡಿಸಿ ಜಡೆ ಹಾಕತೊಡಗಿದರು. ಜಡೆ ಮುಗಿದ ಮೇಲೂ ನಾನು ಏಳಲಿಲ್ಲ. ಅವರೂ ಏಳು ಅನ್ನಲಿಲ್ಲ.