ಬೇಡ ಎಂದ ಒಂದು ಓಟು

“ಯಾರು ಹಾಕಿದ್ದು ಅದನ್ನ? ಧೈರ್ಯ ಇದ್ರೆ ಬಾಯಿಬಿಟ್ಟು ಹೇಳಿ!” ಮೆಕ್ಯಾನಿಕ್ ಸ್ಪ್ಯಾನರನ್ನು ಬೆಂಚಿನ ಮೇಲೆ ಕುಕ್ಕಿದ.

ಶೆಡ್ಡಿನ ಮೂಲೆಯಲ್ಲಿ ಕಂಡಕ್ಟರಮ್ಮ ತನ್ನ ಫೋನನ್ನೇ ನೋಡುತ್ತಿದ್ದಳು. ತೆರೆಯ ಮೇಲೆ ಎರಡೇ ಸಾಲು. ಬೇಕು: ಎರಡು. ಬೇಡ: ಒಂದು. ಅವಳಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಬಸ್ಸು ಒಂದು, ಒಡೆಯರು ನಾಲ್ವರು: ದೊಡ್ಡಪ್ಪ, ಅವರೊಂದಿಗೆ ಪಾಳಿ ಹಂಚಿಕೊಂಡ ಇನ್ನೊಬ್ಬ ಡ್ರೈವರ್, ಮೆಕ್ಯಾನಿಕ್ ಮತ್ತು ಅವಳು. ದೊಡ್ಡಪ್ಪ ಬಾಯಿಮಾತಿನ ದೊಡ್ಡಪ್ಪ ಅಲ್ಲ, ಅವಳ ಅಪ್ಪನ ಸ್ವಂತ ಅಣ್ಣ. ತಬ್ಬಲಿ ಮಗುವನ್ನು ಡ್ರೈವರ್ ಸೀಟಿನ ಪಕ್ಕದಲ್ಲೇ ಕೂರಿಸಿಕೊಂಡು ಸಾಕಿದವರು.

ಬಸ್ಸು ಕೊಂಡ ದಿನವೇ ಒಂದು ಕಟ್ಟುಪಾಡು ಆಗಿತ್ತು. ವರ್ಷಕ್ಕೊಮ್ಮೆ ಪ್ರತಿ ಡ್ರೈವರಿನ ಬಗ್ಗೆ ಓಟು. ಒಂದೇ ಒಂದು ‘ಬೇಡ’ ಬಿದ್ದರೂ ಅವನು ಸ್ಟೇರಿಂಗ್ ಮುಟ್ಟುವಂತಿಲ್ಲ. ಜನರ ಜೀವ ಮಕ್ಕಳಾಟವಲ್ಲ ಎಂದು ಹಟ ಹಿಡಿದು ಆ ಷರತ್ತು ಹಾಕಿಸಿದವರು ದೊಡ್ಡಪ್ಪ. ಈವರೆಗೆ ಚೀಟಿಯಲ್ಲಿ ಬರೆಯುತ್ತಿದ್ದರು. ಮೆಕ್ಯಾನಿಕ್‌ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಯಾರಿಗೆ ತಾನೇ ಗುರುತು ಸಿಗದು? ಗುಟ್ಟು ಉಳಿಯುತ್ತಿರಲಿಲ್ಲ. ಈ ಸಲ ದೊಡ್ಡಪ್ಪನ ಬಗ್ಗೆ ಓಟು ಬಂದಾಗ ಅವಳೇ ಮುಂದೆ ಬಿದ್ದು, ನಾನು ಫೋನಿನಲ್ಲೇ ಮಾಡಿಕೊಡುತ್ತೇನೆ ಎಂದಿದ್ದಳು.

ಟಿಕೆಟ್ ಯಂತ್ರ ಬಂದರೆ ಕಂಡಕ್ಟರ್ ಯಾರಿಗೆ ಬೇಕು? ಆ ಭಯಕ್ಕೆ ಅವಳು ಎರಡು ತಿಂಗಳಿಂದ ಮಧ್ಯಾಹ್ನದ ಬಿಡುವಿನಲ್ಲಿ ಬ್ಲಾಕ್‌ಚೈನ್ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಮೊದಲು ಕಲಿಸಿದ್ದು ಸ್ಮಾರ್ಟ್ ಕಾಂಟ್ರ್ಯಾಕ್ಟ್. ಕರಾರನ್ನು ಪ್ರೋಗ್ರಾಮಾಗಿ ಬರೆದು ನೂರಾರು ಕಂಪ್ಯೂಟರುಗಳಿಗೆ ಒಪ್ಪಿಸಿಬಿಡುವುದು. ಆಮೇಲೆ ಅದು ಬರೆದಂತೆಯೇ ನಡೆಯುತ್ತದೆ, ತಿದ್ದಲು ಯಾರಪ್ಪನ ಕೈಲೂ ಆಗದು.

“ಇದು ಅಮ್ಮ ಅಲ್ಲ, ಅತ್ರೆ ಕರಗೋಕೆ,” ಎನ್ನುತ್ತಿದ್ದರು ಮೇಷ್ಟ್ರು. “ಬರೆದಿದ್ದು ಮಾತ್ರ ಅದಕ್ಕೆ ಗೊತ್ತು. ನಿಮ್ಮ ಮನಸ್ಸಲ್ಲಿ ಇದ್ದದ್ದು ಗೊತ್ತಾಗಲ್ಲ.”

ಹೋಂವರ್ಕಿಗೆ ಕೊಟ್ಟದ್ದೇ ಓಟಿನ ಕಾಂಟ್ರ್ಯಾಕ್ಟ್. ಪಟ್ಟಿಯಲ್ಲಿರುವವರಿಗೆ ತಲಾ ಒಂದು ಓಟು, ಹಾಕಿದರೆ ಮುಗಿಯಿತು. ಓಟು ಒತ್ತಲು ಬೇಕಾದ ವಾಲೆಟ್ ಎಂಬ ಆ್ಯಪ್ ಅವಳ ಫೋನಿನಲ್ಲಿ ಮೊದಲೇ ಇತ್ತು. ಉಳಿದ ಮೂವರ ಫೋನಿಗೂ ಹಾಕಿಕೊಟ್ಟಳು. ಆ ಮೂರು ವಾಲೆಟ್‌ಗಳ ಮಾರುದ್ದದ ವಿಳಾಸಗಳನ್ನು ಒಂದೊಂದೇ ಅಕ್ಷರ ತಾಳೆ ನೋಡಿ ಪಟ್ಟಿಗೆ ಸೇರಿಸಿದಳು. ಯಾವುದು ಯಾರದೆಂದು ನೋಟ್‌ಬುಕ್ಕಿನಲ್ಲೂ ಗುರುತು ಹಾಕಿಕೊಂಡಳು.

ಇನ್ನು ಅವಳ ಓಟು. ಹೋದ ವಾರ ಶಾಲೆಯ ತಿರುವಿನಲ್ಲಿ ಒಂದು ಹುಡುಗಿ ಎಡಗಡೆಯಿಂದ ರಸ್ತೆಗೆ ಇಳಿದಿದ್ದಳು. ಕಂಡಕ್ಟರಮ್ಮ ಚೀರಿದ ಮೇಲೆಯೇ ಬ್ರೇಕ್ ಬಿದ್ದದ್ದು. “ನನಗೆ ಕಂಡಿತ್ತು ಕಣೆ, ಸುಮ್ನೆ ಕಿರುಚ್ತೀಯ,” ಎಂದಿದ್ದರು ದೊಡ್ಡಪ್ಪ. ಕಂಡಿರಲಿಲ್ಲ ಎಂದು ಅವಳಿಗೆ ಖಂಡಿತ ಗೊತ್ತಿತ್ತು. ಎದುರು ನಿಂತು ಹೇಳುವ ಎದೆಗಾರಿಕೆ ಮಾತ್ರ ಇರಲಿಲ್ಲ. ಓಟಿನ ದಿನ ‘ಬೇಡ’ ಒತ್ತಿದವಳೇ, ಪಾಪ ಮಾಡಿದವಳಂತೆ ಫೋನನ್ನು ಬೋರಲು ಹಾಕಿ ಎದ್ದು ಹೋಗಿದ್ದಳು.

“ಒಟ್ಟು ಮೂರೇ ಬಿದ್ದಿದೆ,” ಎಂದ ಮೆಕ್ಯಾನಿಕ್. “ಯಜಮಾನ್ರು ತಮ್ಮ ಬಗ್ಗೆ ತಾವೇ ಹಾಕಿರಲ್ಲ, ಮರ್ಯಾದಸ್ಥರು.”

“ನನಗ್ಯಾಕಪ್ಪ ಈ ಫೋನಿನ ಸಹವಾಸ,” ದೊಡ್ಡಪ್ಪ ನಕ್ಕರು.

ಮೆಕ್ಯಾನಿಕ್ ಇನ್ನೊಬ್ಬ ಡ್ರೈವರಿನ ಕಡೆ ತಿರುಗಿದ. “ಹಾಗಾದ್ರೆ ನೀನೇ. ಬೆಳಗಿನ ಟ್ರಿಪ್ ಮೇಲೆ ನಿನಗೆ ಮೊದಲಿಂದ ಕಣ್ಣು.”

“ನನ್ನ ಮಕ್ಕಳ ಆಣೆ, ನಾನಲ್ಲ.” ಆ ಸಾಧು ಮನುಷ್ಯ ದೊಡ್ಡಪ್ಪನ ಕಡೆ ನೋಡಿದ. ಇಪ್ಪತ್ತು ವರ್ಷ ಒಂದೇ ಬುತ್ತಿಯಲ್ಲಿ ಉಂಡವರು ಅವರಿಬ್ಬರು. ಅವನು ಬುತ್ತಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಕಂಡಕ್ಟರಮ್ಮ ಆಗಲೂ ಬಾಯಿ ಬಿಡಲಿಲ್ಲ. ಸಾಕಿದ ಕೈಯನ್ನು ಕಚ್ಚಿದ್ದಾಯಿತು, ಈಗ ನಿರಪರಾಧಿಯ ತಲೆಗೆ ಗೂಬೆ ಕೂರಿಸಿದ್ದೂ ಆಯಿತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಮೆಕ್ಯಾನಿಕ್ ಅತ್ತ ಹೋದ ಮೇಲೆ ದೊಡ್ಡಪ್ಪ ಬಸ್ಸಿನ ಕೀಲಿಯನ್ನು ಮೊಳೆಗೆ ನೇತುಹಾಕಿ ಅವಳ ಪಕ್ಕ ಕುಳಿತರು.

“ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯ? ಹಾಕಿದವನು ದ್ವೇಷಕ್ಕೆ ಹಾಕಿಲ್ಲ ಕಣೆ. ಆ ಗುಂಡಿ ಒತ್ತೋವಾಗ ಅವನ ಕೈ ಎಷ್ಟು ನಡುಗಿರಬೇಕು, ಯೋಚನೆ ಮಾಡು.”

“ದೊಡ್ಡಪ್ಪ, ನಾನು...”

“ನೀನು ಇನ್ನೂ ಊಟ ಮಾಡಿಲ್ಲ. ಹೋಗು, ಮೊದಲು ಊಟ ಮಾಡು.”

ಅವಳು ಊಟಕ್ಕೆ ಹೋಗಲಿಲ್ಲ, ಕ್ಲಾಸಿಗೆ ಓಡಿದಳು. ಮೇಷ್ಟ್ರು ಬೋರ್ಡ್ ಒರೆಸುತ್ತಿದ್ದರು.

“ಸಾರ್, ಒಂದು ಓಟು ಅಳಿಸಬೇಕು. ಹೇಗಾದ್ರೂ ಮಾಡಿ. ನನ್ನದೇ ಓಟು ಅದು.”

“ಅಳಿಸೋಕೆ ಆಗಲ್ಲ ಅಂತ ಮೊದಲನೇ ದಿನಾನೇ ಹೇಳಿದ್ನಲ್ಲಮ್ಮ. ಎಲ್ಲಿ, ತೋರಿಸಿ.” ಅವರು ಕಂಪ್ಯೂಟರಿನಲ್ಲಿ ಅವಳ ಕಾಂಟ್ರ್ಯಾಕ್ಟಿನ ದಾಖಲೆ ತೆರೆದರು. ನೋಡುತ್ತ ನೋಡುತ್ತ ನಗತೊಡಗಿದರು.

“ನಿಮ್ಮ ಓಟು ಬಿದ್ದೇ ಇಲ್ಲ! ವಾಪಸ್ ಬಂದಿದೆ ನೋಡಿ. ಪಟ್ಟಿಯಲ್ಲಿ ನಿಮ್ಮ ವಿಳಾಸಾನೇ ಹಾಕಿಲ್ಲ. ಬರೆದವರು ನೀವೇ ಅಂತ ಅದಕ್ಕೇನು ಗೊತ್ತು? ಹೊಳೆ ದಾಟಿದವನು ತನ್ನನ್ನೇ ಬಿಟ್ಟು ಎಣಿಸಿದ ಹಾಗೆ. ಹೊಸಬರೆಲ್ಲ ಮಾಡೋ ತಪ್ಪೇ ಬಿಡಿ.”

ಬೆನ್ನ ಮೇಲಿನ ಮೂಟೆ ಇಳಿದಂತಾಗಿ ಅವಳು ಕುರ್ಚಿಯಲ್ಲಿ ಕುಸಿದಳು. ಮರುಕ್ಷಣವೇ ತಲೆಯೆತ್ತಿದಳು.

“ಹಾಗಾದ್ರೆ ‘ಬೇಡ’ ಅಂದಿದ್ದು ಯಾರು ಸಾರ್? ಅದು ಗುಟ್ಟಲ್ವಾ?”

“ಇಲ್ಲಿ ಎಲ್ಲಾ ಬಯಲಲ್ಲೇ ಇರುತ್ತಮ್ಮ, ನೋಡೋಕೆ ಬರಬೇಕು ಅಷ್ಟೆ. ಹೆಸರು ಮಾತ್ರ ಇರಲ್ಲ, ವಿಳಾಸ ಇರುತ್ತೆ. ಎಲ್ಲಕ್ಕಿಂತ ಮೊದಲು ಬಿದ್ದ ಓಟು ಇದು. ಬರ್ಕೊಳ್ಳಿ.”

ಅವರು ಓದುತ್ತ ಹೋದರು. ಅವಳು ನೋಟ್‌ಬುಕ್ ತೆರೆದು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತಾಳೆ ನೋಡಿದಳು, ಮತ್ತೊಮ್ಮೆ ನೋಡಿದಳು.

ಅದು ದೊಡ್ಡಪ್ಪನ ವಿಳಾಸ.